ಹಲಗೆಯ ಮೇಲೆ ಮದುಮಗ

"ಹಲಗೆ ಹಾಕಿದೀನಿ, ಹತ್ತಿ ಕೂತ್ಕೋ," ಎಂದ ಕ್ಷೌರದಂಗಡಿಯ ಅಪ್ಪ.

ಮಗ ಕುರ್ಚಿಯ ಮುಂದೆ ನಿಂತೇ ಇದ್ದ. ಆರಡಿ ಆಳು, ನಾಳೆ ಬೆಳಿಗ್ಗೆ ಮದುವೆ. ಆ ಹಲಗೆಯೋ, ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟು ಪುಟ್ಟ ಮಕ್ಕಳನ್ನು ಕೂರಿಸುವಂಥದ್ದು.

"ಅಪ್ಪಾ, ತಮಾಷೆ ಮಾಡ್ಬೇಡ. ನನ್ನ ವಯಸ್ಸೆಷ್ಟು ಗೊತ್ತಾ?"

"ಅದೆಲ್ಲ ನಂಗೊತ್ತಿಲ್ಲ. ಹೋದ ಸಲ ನಾನು ಕಟಿಂಗ್ ಮಾಡಿದಾಗ ನೀನು ಹಲಗೆ ಮೇಲೇ ಇದ್ದೆ."

ಅದು ಸುಳ್ಳಲ್ಲ. ಅವತ್ತು ಹತ್ತು ವರ್ಷದ ಹುಡುಗ, ಮುಂದಿನ ಸಲ ಹಲಗೆ ಬೇಡ, ನಾನು ದೊಡ್ಡವನಾದೆ ಎಂದಿದ್ದ. ಅಪ್ಪ ನೋಡೋಣ ಎಂದಿದ್ದ. ಆ ಮುಂದಿನ ಸಲ ಬರಲೇ ಇಲ್ಲ. ಹುಡುಗ ಹಿಂದಿನ ಬೀದಿಯ ಗಾಜಿನ ಬಾಗಿಲಿನ ಸಲೂನಿಗೆ ಹೋಗಿ ತಲೆ ಕೊಟ್ಟು ಬಂದ. ಊರವರ ತಲೆಯೆಲ್ಲ ಅಪ್ಪನ ಕೈಯಲ್ಲಿ, ಹೆತ್ತ ಮಗನ ತಲೆ ಮಾತ್ರ ಕಂಡವರ ಕೈಯಲ್ಲಿ! ಈ ಸಂಕಟವನ್ನು ಅಪ್ಪ ಇಷ್ಟು ವರ್ಷ ನುಂಗಿಕೊಂಡಿದ್ದ. ಇವತ್ತು ಮಗ ತಾನಾಗಿಯೇ ಬಂದಿದ್ದಾನೆ, ಬಿಡುವುದುಂಟೆ?

"ಹತ್ತಿಬಿಡೋ ಅತ್ಲಾಗೆ," ಎಂದ ಪೋಸ್ಟ್‌ಮ್ಯಾನ್. ಮಗ ಬಾಗಿಲಲ್ಲಿ ಕಂಡದ್ದೇ ತಡ, ಅಪ್ಪ ಈ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಎಬ್ಬಿಸಿ ಬೆಂಚಿಗೆ ಅಟ್ಟಿದ್ದ. "ನನ್ನ ಇನ್ನರ್ಧ ಕೆನ್ನೆ ಮೇಲೆ ಸೋಪು ಒಣಗ್ತಿದೆ."

ಮಗ ಹತ್ತಿದ. ತಲೆ ತಿರುಗುವ ಫ್ಯಾನಿಗೆ ಇನ್ನೇನು ತಾಗುವುದರಲ್ಲಿತ್ತು. ಅಪ್ಪ ಓಡಿಹೋಗಿ ಸ್ವಿಚ್ ಆರಿಸಿದ. ಕನ್ನಡಿಯಲ್ಲಿ ಮಗನ ಹೊಟ್ಟೆ ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಅಪ್ಪ ಸ್ಟೂಲು ಹತ್ತಿದ, ಕೈ ಎಟುಕಲಿಲ್ಲ. ಪಕ್ಕದ ಪೇಂಟರನ ಮಡಚುವ ಏಣಿ ತಂದು ಹತ್ತಿದ ಮೇಲೆ ಕತ್ತರಿ ಮಾತಾಡತೊಡಗಿತು.

"ಅಲ್ಲಾಡ್ಬೇಡ, ಕಿವಿ ಹೋದೀತು."

"ಫ್ಯಾನ್ ರೆಕ್ಕೆ ಚುಚ್ತಿದೆ ಅಪ್ಪಾ."

"ತಲೆ ಬಗ್ಗಿಸಪ್ಪ, ನಾಳೆಯಿಂದ ಹೇಗೂ ಅದೇ ಕೆಲಸ," ಎಂದ ಪೋಸ್ಟ್‌ಮ್ಯಾನ್.

ನೆತ್ತಿಯ ಬಲಕ್ಕಿದ್ದ ಸುಳಿ ಇನ್ನೂ ಅಲ್ಲೇ ಇತ್ತು. ಹಿಂದಿನ ಬೀದಿಯವರು ಅದನ್ನೇನೂ ಕಿತ್ತುಕೊಂಡಿರಲಿಲ್ಲ. ಬಾಚಣಿಗೆ ಅಲ್ಲಿಗೆ ಬಂದಾಗ ಅಪ್ಪನಿಗೆ ಅಳು ಒತ್ತರಿಸಿ ಬಂತು. ಕಣ್ಣಿಗೆ ಕೂದಲು ಬಿತ್ತೆಂದು ಗೊಣಗಿ ಒರೆಸಿಕೊಂಡ.

ಕೆಲಸ ಮುಗಿಯಿತು. ಅಪ್ಪ ಹೊದಿಸಿದ್ದ ಬಟ್ಟೆ ಕೊಡವಿ ಏಣಿಯಿಂದ ಇಳಿದ. ಮಗ ಇಳಿಯಲಿಲ್ಲ. ಮೇಲಿನಿಂದ ಅಪ್ಪನನ್ನೇ ನೋಡುತ್ತ ಎರಡೂ ತೋಳು ಚಾಚಿದ.

"ಇಳಿಸಪ್ಪಾ."

ಅಪ್ಪ ಸೊಂಟಕ್ಕೆ ಕಟ್ಟಿದ್ದ ನೋವಿನ ಪಟ್ಟಿಯನ್ನು ಬಿಗಿ ಮಾಡಿಕೊಂಡು ಮಗನ ಕಂಕುಳಿಗೆ ಕೈ ಕೊಟ್ಟ. ಪೋಸ್ಟ್‌ಮ್ಯಾನ್ ಅರ್ಧ ಗಡ್ಡದಲ್ಲೇ ಎದ್ದು ಬಂದು ಕಾಲು ಹಿಡಿದ.

"ಅಬ್ಬಬ್ಬಾ!" ಏದುಸಿರು ಬಿಟ್ಟ ಅಪ್ಪ. "ಹೋದ ತಿಂಗಳು ಇಳಿಸಿದಾಗ ಇಷ್ಟು ಭಾರ ಇರ್ಲಿಲ್ವಲ್ಲೋ ನೀನು!"