ಅವ್ವನ ಸುದ್ದಿಗೆ ಮ್ಯೂಟ್ ಇಲ್ಲ

ನಮ್ಮ ಕಡೆ ಒಂದು ಪದ್ಧತಿ ಇದೆ... ಯಾರಾದರೂ ತೀರಿಕೊಂಡರೆ ದೂರದ ಮಕ್ಕಳಿಗೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

"ಸ್ವಲ್ಪ ಆರಾಮಿಲ್ಲ, ಬಂದು ಹೋಗು" ಎನ್ನುತ್ತಾರೆ. ದಾರಿಯಲ್ಲಿ ಗಾಬರಿಯಾಗಬಾರದು ಎಂಬ ಕಾಳಜಿಯಂತೆ! ಕೇಳಿದವನು ದಾರಿಯುದ್ದಕ್ಕೂ ಅರ್ಧ ಸತ್ತಿರುತ್ತಾನೆ, ಅದು ಬೇರೆ ಮಾತು.

ಗುಳೇದಗುಡ್ಡದ ಬಸಲಿಂಗವ್ವನಿಗೆ ಈ ಪದ್ಧತಿ ಕಂಡರೆ ಮೈಯೆಲ್ಲ ಉರಿ.

ಆಕೆಯ ಮಗ ಮಹಾಂತೇಶ ಸೂರತ್ತಿನಲ್ಲಿ ಸೀರೆ ವ್ಯಾಪಾರಿ. ಮಗಳು ಸುವರ್ಣಾ ಮಸ್ಕತ್ತಿನಲ್ಲಿ ನರ್ಸ್. ಮೂವರಿಗೂ ಸೇರಿ ಒಂದು ವಾಟ್ಸಾಪ್ ಗ್ರೂಪ್... ಅದರಲ್ಲಿ ದಿನವೂ ಅವ್ವನ ವಾಯ್ಸ್ ಮೆಸೇಜ್.

"ಎದುರಮನಿ ಗಿರಿಜವ್ವನ ಸೊಸಿ ಹಡದಾಳ, ಹೆಣ್ಣು. ಗಿರಿಜವ್ವ ಮಾರಿ ಸಣ್ಣದ ಮಾಡಿದ್ಲು, ಚಲೋತ್ನ್ಯಾಗ ಬೈದು ಬಂದೀನಿ. ಇವತ್ತೂ ನಳದ ನೀರು ಬಂದಿಲ್ಲ. ಕರಿ ಬೆಕ್ಕು ಮತ್ತ ಬಸರಾಗೇತಿ..."

ಸುವರ್ಣಾ ಡ್ಯೂಟಿ ಮುಗಿಸಿ ನಗುತ್ತಾ ಕೇಳುತ್ತಿದ್ದಳು. ಮಹಾಂತೇಶನಿಗೆ ಮಾತ್ರ ತಲೆನೋವು. ಒಂದು ದಿನ ಬೆರಳು ತಾಗಿ ಅವ್ವನ ದನಿ ಅಂಗಡಿಗೆಲ್ಲ ಕೇಳಿಸಿತು, ಗಿರಾಕಿಗಳು ಮುಖ ಮುಖ ನೋಡಿಕೊಂಡರು.

ಅಂದೇ ಫೋನ್ ಮಾಡಿದ. "ಅವ್ವಾ, ಏನರೆ ಮುಖ್ಯ ಇದ್ರ ಅಷ್ಟ ಹೇಳು. ದಿನಾ ನಳ, ಬೆಕ್ಕು, ಗಿರಿಜವ್ವ... ಯಾರಿಗೆ ಬೇಕು ಇದು?"

"ಮುಖ್ಯ ಅಂದ್ರ ಯಾವುದೋ? ಯಾರರೆ ಸಾಯಬೇಕೇನು?"

"ಹಂಗಲ್ಲವ್ವಾ..."

"ಹಂಗ! ಹೇಳೂದು ನಂದು, ನಾ ಹೇಳಾಕಿನ. ಕೇಳೂದು ಬಿಡೂದು ನಿಂದು."

ಅವ್ವ ಹಟ ಬಿಡಲಿಲ್ಲ. ಮಗ ಗ್ರೂಪನ್ನು ಮ್ಯೂಟ್ ಮಾಡಿದ. ವಾರಕ್ಕೊಮ್ಮೆ ಫೋನ್ ಮಾಡಿ "ಆರಾಮಿದ್ದೀಯಾ" ಎಂದರೆ ಕರ್ತವ್ಯ ಮುಗಿಯಿತು. ಮದುವೆ ಸೀಸನ್ ಬಂತು ನೋಡಿ, ಅದೂ ತಪ್ಪಿತು.

ಒಂದು ಬೆಳಿಗ್ಗೆ ಅಂಗಡಿಯಲ್ಲಿದ್ದಾಗ ಸೋದರಮಾವ ಚನ್ನಪ್ಪನ ಫೋನ್ ಬಂತು.

"ಮಾಂತೇಶ... ಅವ್ವಗ ಸ್ವಲ್ಪ ಆರಾಮಿಲ್ಲ. ಬಂದು ಹೋಗು."

ಮಹಾಂತೇಶನ ಕೈಯಲ್ಲಿದ್ದ ಸೀರೆ ಜಾರಿತು.

"ಮಾವಾ, ಖರೆ ಹೇಳು. ಏನಾಗೇತಿ?"

"ಏನಿಲ್ಲಪಾ. ನೀ ಮೊದಲ ಬಾ." ಫೋನ್ ಕಟ್ ಆಯಿತು.

ಅವ್ವನಿಗೆ ಮಾಡಿದ... ಸ್ವಿಚ್ ಆಫ್. ಮತ್ತೆ ಮಾಡಿದ... ಸ್ವಿಚ್ ಆಫ್. ತಂಗಿಗೆ ಮಾಡುವ ಧೈರ್ಯ ಬರಲಿಲ್ಲ. ಕೇಳಿದರೆ ನಿಜವಾಗಿಬಿಟ್ಟರೆ?

ಮಧ್ಯಾಹ್ನದ ರೈಲು ಹತ್ತಿದ. ಕಿಟಕಿಗೆ ತಲೆಯಾನಿಸಿ ಮಗುವಿನಂತೆ ಅತ್ತ. ಆ ದನಿಯನ್ನು ಇನ್ನೊಮ್ಮೆ ಕೇಳಬೇಕೆನಿಸಿತು. ಗ್ರೂಪ್ ತೆರೆದ... ಕೇಳದೆ ಬಿಟ್ಟ ಮೆಸೇಜುಗಳು ಸಾಲಾಗಿ ಕೂತಿದ್ದವು.

ಒಂದೊಂದೇ ಒತ್ತುತ್ತಾ ಹೋದ. ಬೆಕ್ಕು ಮರಿ ಹಾಕಿತ್ತು. ಗಿರಿಜವ್ವ ಈಗ ಮೊಮ್ಮಗಳನ್ನು ನೆಲಕ್ಕೇ ಬಿಡುತ್ತಿರಲಿಲ್ಲ. ಆಮೇಲೆ...

"ಸಂಡಿಗಿ ಹಾಕೀನಿ, ಬಿಸಲು ಚಲೋ ಐತಿ. ಹೊಟ್ಟಿಬ್ಯಾನಿ ಅಂತ ಡಾಕ್ಟರ ಕಡೆ ಹೋಗಿದ್ದೆ. ಪಿತ್ತದ ಚೀಲದಾಗ ಕಲ್ಲು ಅದಾವಂತ. ಬುಧವಾರ ಬಾಗಲಕೋಟ್ಯಾಗ ಆಪರೇಷನ್. ಗಿರಿಜವ್ವ ಸಂಗಾಟ ಬರ್ತಾಳ. ಈ ಸಂಡಿಗಿ ಯಾರ ತಗೀಬೇಕೋ ಏನೋ..."

ಸಂಡಿಗೆಯ ನಡುವೆ ಆಪರೇಷನ್!

ಅದರ ಕೆಳಗೆ ತಂಗಿಯ ದನಿ. "ಡಾಕ್ಟರ ಜೋಡಿ ಮಾತಾಡೀನಿ, ಹೆದರಬ್ಯಾಡವ್ವಾ. ಅಣ್ಣಗ ನಾ ಫೋನ್ ಹಚ್ಚಲೇನು?"

ಅವ್ವನ ಉತ್ತರ. "ಬ್ಯಾಡ. ಇಲ್ಲೇ ಹೇಳೀನಲ್ಲ. ಕೇಳಿದ್ರ ತಾನ ಬರ್ತಾನ."

ಮಹಾಂತೇಶ ಕಣ್ಣು ಮುಚ್ಚಿಕೊಂಡ. ಇನ್ನೊಂದು ಮೆಸೇಜ್ ಉಳಿದಿತ್ತು... ಅದನ್ನೂ ಒತ್ತಿದ.

"ನಿನ್ನೆ ಆಪರೇಷನ್ ಮುಗೀತು. ಇವತ್ತ ಇಡ್ಲಿ ಕೊಟ್ಟಿದ್ರು, ಕಲ್ಲು ತಗದು ಕಲ್ಲು ಕೊಟ್ಟಂಗಿತ್ತು. ಈಗ ಚನ್ನಪ್ಪ ಬಂದಿದ್ದ. ನನ್ನ ಸಲೈನ್ ನೋಡಿ ಹೆದರಿ ಮಾಂತೇಶಗ ಫೋನ್ ಹಚ್ಯಾನ. ಏನಂತ ಹೇಳ್ಯಾನ ನನಗ ಗೊತ್ತೈತಿ! ಮಾಂತೇಶ, ನಾ ಸತ್ತಿಲ್ಲ. ಅಳಬ್ಯಾಡ. ಇಲ್ಲಿ ಫೋನ್ ಸಪ್ಪಳಾದ್ರ ಬೈತಾರ, ಬಂದ್ ಇಡ್ತೀನಿ..."

ಇಡೀ ಬೋಗಿ ತಿರುಗಿ ನೋಡುವಂತೆ ಅವನು ನಕ್ಕ... ನಗುತ್ತಲೇ ಮತ್ತೆ ಅತ್ತ.

ಮರುದಿನ ರೈಲಿಳಿದು, ಬಸ್ ಹಿಡಿದು ಬಾಗಲಕೋಟೆಯ ಆಸ್ಪತ್ರೆಗೆ ಬಂದವನೇ ಅವ್ವನ ಕೈ ಹಿಡಿದು ಕೇಳಿದ. "ಇಷ್ಟ ದೊಡ್ಡ ಸುದ್ದಿ ಸಂಡಿಗಿ ನಡುವ ಹೇಳೂದೇನವ್ವಾ? ನನಗ ಬ್ಯಾರೆ ಫೋನ್ ಮಾಡಬೇಕಿಲ್ಲೇನು?"

ಬಸಲಿಂಗವ್ವ ದಿಂಬಿಗೆ ಒರಗಿ ಎದ್ದು ಕೂತಳು.

"ಮಾಡಂಗಿಲ್ಲ! ಕೆಟ್ಟ ಸುದ್ದಿ ಅಷ್ಟ ಆರಿಸಿ ಹೇಳಾಕಿ ಅಲ್ಲ ನಾ. ನಮ್ಮವ್ವ ಸತ್ತಾಗ ನನಗೂ ಹಿಂಗ 'ಆರಾಮಿಲ್ಲ, ಬಾ' ಅಂದ್ರು. ಆಗಿನ್ನೂ ಸಣ್ಣಾಕಿ ನಾ. ಖರೇನ ಆರಾಮಿಲ್ಲ ಅಂತ ತಿಳದು, ಗಂಜಿ ಕಾಸಿ ಡಬ್ಬಿ ಕಟಗೊಂಡು ಬಸ್ ಹತ್ತಿದೆ. ಹೋಗಿ ನೋಡಿದ್ರ ಮನಿ ಮುಂದ ಜನ... ಆ ಗಂಜಿ ಡಬ್ಬಿ ಹಿಡಕೊಂಡ ನಿಂತಿದ್ದೆ ನಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದಳು.

"ತವರಮನಿಯಿಂದ ನನಗ ಬಂದದ್ದು ಬರೇ ಸಾವಿನ ಸುದ್ದಿ. ಹಿಂದಿನ ದಿನ ನಮ್ಮವ್ವ ಏನ ಉಂಡಿದ್ಲು, ಯಾರ ಜೋಡಿ ಜಗಳಾಡಿದ್ಲು, ಇವತ್ತಿಗೂ ಗೊತ್ತಿಲ್ಲ. ನನ್ನ ಮಕ್ಕಳಿಗೆ ಹಂಗ ಆಗಬಾರದು ಅಂತ ಅವತ್ತ ಆಣಿ ಮಾಡೀನಿ. ಬದುಕಿರೂತನ ಬದುಕಿನ ಸುದ್ದಿ ಹೇಳ್ತೀನಿ. ನೀ ಬಾಯಿ ಮುಚ್ಚಸಿದ್ರ ಮುಚ್ಚಾಕಿ ಅಲ್ಲ ನಾ!"

ಮಹಾಂತೇಶ ಅವ್ವನ ಪಾದಕ್ಕೆ ಹಣೆ ಹಚ್ಚಿ ಬಿಕ್ಕಿದ.

ಆಮೇಲೆ ಕಣ್ಣೊರೆಸಿಕೊಂಡು ಫೋನ್ ತೆಗೆದ. ಗ್ರೂಪಿನಲ್ಲಿ ಮೊದಲ ಬಾರಿಗೆ ತನ್ನ ದನಿ ರೆಕಾರ್ಡ್ ಮಾಡಿದ.

"ಸುವರ್ಣಾ, ನಾ ಅವ್ವನ ಹಂತ್ಯಾಕ ಅದೀನಿ. ಬಸ್ಸಿನ್ಯಾಗ ಕಿಟಕಿ ಸೀಟ್ ಸಿಕ್ಕಿತ್ತು. ಅಂಗಡಿ ನಾಕ ದಿನ ಬಂದ್. ಅವ್ವ ನನಗ ಬೈಯಾಕತ್ತಾಳ..."

ಅವ್ವ ನಡುವೆಯೇ ಬಾಯಿ ಹಾಕಿದಳು. "ಏನ ಉಂಡಿ ಅಂತ ಹೇಳಲಿಲ್ಲಲ್ಲೋ! ಅರ್ಧಮರ್ಧ ಸುದ್ದಿ ನಡಿಯಂಗಿಲ್ಲ ಇಲ್ಲಿ!"

ಸಾವಿನ ಸುದ್ದಿಯನ್ನು ಊರೇ ಮುಟ್ಟಿಸುತ್ತದೆ... ಬದುಕಿನ ಸುದ್ದಿ ಹೇಳುವವಳು ಅವ್ವ ಒಬ್ಬಳೇ.

ನಿಮ್ಮ ಫೋನಿನಲ್ಲಿ ನೀವು ಮ್ಯೂಟ್ ಮಾಡಿಟ್ಟಿರುವುದು ಯಾರನ್ನು...?