ಹಿಡಿಯೊಳಗಿನ ಗೀರು

ಬೆಂಕಿಗೆ ಹಾಕುವ ಮುಂಚೆ ಕತ್ತಿಯ ಹಿಡಿ ಕಳಚಿದ ನಂಜಾಚಾರಿಯ ಕೈ ಅಲ್ಲೇ ನಿಂತಿತು. ಬರ್ಮಾ ಯುದ್ಧಕ್ಕೆ ಹೋಗಿದ್ದ ಜವರಣ್ಣ ತಂದ ಹಳೇ ಜಪಾನಿ ಕತ್ತಿ ಅದು. ಹಿಡಿಯೊಳಗೆ ಅಡಗಿದ್ದ ಕಬ್ಬಿಣದ ಮೇಲೆ ಯಾರೋ ಉಳಿಯಿಂದ ಅಕ್ಷರ ಕೊರೆದಿದ್ದರು.

"ಇನ್ನೂ ಕಾಯ್ಲಿಲ್ವಾ ಆಚಾರ್ರೇ? ಅದ್ರಲ್ಲಿ ಎರಡು ಮಚ್ಚಾದ್ರೆ ಸಾಕು," ಅಂದ ಬಾಗಿಲಲ್ಲಿ ಕೂತಿದ್ದ ಜವರಣ್ಣ.

ಆಚಾರಿಗೆ ಕೇಳಿಸಲಿಲ್ಲ. ತಾನು ಮಾಡಿದ ಪ್ರತಿ ಕುಡುಗೋಲಿಗೂ ಹಿಡಿ ಹಾಕುವ ಮೊದಲು, ಯಾರಿಗೂ ಕಾಣದ ಹಾಗೆ, ಅವನೂ ಒಂದು ಗೀರು ಹಾಕುತ್ತಿದ್ದ. ಅದು ಗೊತ್ತಿದ್ದವಳು ತಿದಿ ಒತ್ತುತ್ತಿದ್ದ ಹೆಂಡತಿ ಗಿರಿಯಮ್ಮ ಒಬ್ಬಳೇ. ಅವಳು ಹೋದ ಮೇಲೆ ಕುಲುಮೆಯಲ್ಲಿ ಮಾತೇ ಇರಲಿಲ್ಲ.

ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, ಆ ಕತ್ತಿ ಮಾಡಿದವನಿಗೇ ಹೇಳುವಂತೆ, ಅವನು ಮೆಲ್ಲಗೆ ಅಂದ: "ನಾನು ನಂಜಾಚಾರಿ ಕಣಣ್ಣ, ಮಾದಿಹಳ್ಳಿಯೋನು."