ಕುರನೂರಿನ ಗುರಿಗನ್ನಡಿ

ಖಂಡಪ್ಪ ಮೊದಲು ಅಂಗಡಿಯ ಒಂದು ಬಾಗಿಲು ಮುಂದೆ ಮಾಡಿದ. ಆಮೇಲೆ ಎದುರಿಗೆ ನಿಂತ ಮುದುಕ ಮೇಜಿನ ಮೇಲಿಟ್ಟ ಗಂಟನ್ನು ಇನ್ನೊಮ್ಮೆ ಬಿಚ್ಚಿ ನೋಡಿದ. ಅನುಮಾನವೇ ಇಲ್ಲ, ಯುದ್ಧವಿಮಾನದ ಗುರಿಗನ್ನಡಿ. ಪೈಲಟ್ ಇದರೊಳಗೆ ನೋಡಿಯೇ ಗುಂಡು ಹಾರಿಸುವುದು. ಸರ್ಕಾರದ ಇಂಥ ಮಾಲು ಹಳೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು ನವಿ ಪೇಠದ ಕನ್ನಡಕದ ಅಂಗಡಿಗೆ ಯಾಕೆ ಬಂತು?

ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ವಿಮಾನದ ಬಂದೂಕು ತಿಕ್ಕಿ ಬಂದವನು ಖಂಡಪ್ಪ. ಈಗ ಊರವರ ಕಣ್ಣಿಗೆ ಗಾಜು ಕೂರಿಸುತ್ತ ಕೂತಿದ್ದ. ಸಾಕಾಗಿತ್ತು. ಇನ್ನೊಬ್ಬರ ಉಸಾಬರಿಯಂತೂ ಬೇಡವೇ ಬೇಡವಾಗಿತ್ತು.

"ಎಲ್ಲಿಂದ ಬಂತ್ರಿ ಇದು, ಕಾಕಾ?"

"ಮಗ ಪಾರ್ಸಲ್ ಮಾಡ್ಯಾನ್ರಿ. ಅಮೋಗಸಿದ್ಧ ಅಂತ. ವಿಮಾನದ ಫೌಜಿನ್ಯಾಗ ಅದೀನಿ ಅಂತಾನ."

ಮುದುಕನ ಹೆಸರು ಬಂಡೆಪ್ಪ. ಕುರನೂರಿನಿಂದ ಬೆಳಗಿನ ಬಸ್ಸು ಹಿಡಿದು, ಅಕ್ಕಲಕೋಟೆಯಲ್ಲಿ ಇಳಿದು ಹತ್ತಿ ಬಂದಿದ್ದ. ಉಗುರಿನ ತುಂಬ ಒಣ ಮಣ್ಣು. ಖಂಡಪ್ಪ ಅದನ್ನೇ ನೋಡುತ್ತಿದ್ದುದು ಕಂಡು ಕೈ ಹಿಂದೆ ಸರಿಸಿದ.

"ಮಳಿ ಬಂದ ಗ್ವಾಡಿ ಬಿದ್ದಿತ್ರಿ. ನಾನ ಕಟ್ಟೀನಿ. ನಮ್ಮ ಮನಿಯೊಳಗ ಗ್ವಾಡಿ ಕಟ್ಟೂ ಮಿಸ್ತ್ರಿ ಕಾಲಿಡೂದಿಲ್ಲ."

ಮೂವತ್ತು ಎಕರೆ ಹೊಲದವನಂತೆ, ಎಂಥ ಜಿಪುಣ ಎಂದುಕೊಂಡ ಖಂಡಪ್ಪ.

"ಒಂದ ಮಾತ ಹೇಳ್ರಿ ಸಾಹೇಬ್ರ," ಎಂದ ಬಂಡೆಪ್ಪ. "ಇದು ಖರೇನ ವಿಮಾನದ್ದೇನು? ಹೌದಾದ್ರ ಯಾವ ವಿಮಾನದ್ದು? ನಾಳಿಗಿ ಮಗ ನೌಕರಿ ಮುಗಿಸಿ ಬರಾಕತ್ಯಾನ. ಒಳಗ ಕರೀಲೋ ಬ್ಯಾಡೋ, ನಿಮ್ಮ ಮಾತಿನ ಮ್ಯಾಲ ಐತಿ."

"ಇಷ್ಟ ದಿನ ಕರದಿಲ್ಲೇನ್ರಿ?"

"ಹನ್ನೆರಡ ವರ್ಷಾತು. ಒಮ್ಮಿ ಬಂದಿದ್ದ, ಬಾಗಲಾ ತಗೀಲಿಲ್ಲ. ಅವರವ್ವ ತುಳಜಾಬಾಯಿ ಸತ್ತಾಗೂ ತಾರ ಕೊಡಲಿಲ್ಲ. ಸುಳ್ಳ ಹೇಳಿದ ಮಗ ಹೆಣಾ ಮುಟ್ಟೂದ ಬ್ಯಾಡ ಅಂದೆ."

ಖಂಡಪ್ಪನಿಗೆ ಎಲ್ಲವೂ ತಿಳಿದುಹೋಯಿತು. ಹುಡುಗನದು ಕಳ್ಳಗೈ. ಅಪ್ಪನಿಗೆ ಅದು ಮೊದಲಿನಿಂದಲೂ ಗೊತ್ತು. ಈಗ ಸಾಕ್ಷಿಗೆ ಒಬ್ಬ ಬೇಕಾಗಿದ್ದಾನೆ. ನನಗೆ ಗೊತ್ತಿಲ್ಲ ಎಂದು ಗಂಟು ಕಟ್ಟಿ ಕೊಟ್ಟುಬಿಡೋಣ ಅನ್ನಿಸಿತು. ಆದರೆ ಮುದುಕ ಬಾಯಿ ಬಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದ.

"ಗ್ವಾಡಿ ಸೀದಾ ಐತೋ ಇಲ್ಲೋ ನೋಡೂ ರಸಮಟ್ಟ ಅಲ್ಲಲ್ಲರಿ ಇದು?"

ಖಂಡಪ್ಪನಿಗೆ ನಗು ಬಂತು, ತಡೆದುಕೊಂಡ. "ಅಲ್ಲರಿ."

ಭೂತಗನ್ನಡಿ ತಗೊಂಡು ತಳ ನೋಡಿದ. ಕೆಂಪು ಬಣ್ಣದ ಗೀಟು, ಪಕ್ಕದಲ್ಲಿ ಹರಾಜಿನ ಮೊಹರು. ಎದೆ ಹಗುರಾಯಿತು. ಇಂಥ ಒಳ್ಳೆಯ ಸುದ್ದಿ ಹೇಳಿ ಎಷ್ಟು ದಿನವಾಗಿತ್ತೋ.

"ಕಾಕಾ, ಹಳೇ ವಿಮಾನ ತಗದ ಮ್ಯಾಲ ಲಿಲಾವಿನ್ಯಾಗ ಮಾರಿದ ಮಾಲ ಇದು. ನಿಮ್ಮ ಮಗ ಕಳ್ಳ ಅಲ್ಲ."

ಬಂಡೆಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. "ಕಳ್ಳ ಅಂತ ಯಾರಂದ್ರು? ಯಾವ ವಿಮಾನ, ಅದನ್ನ ಹೇಳ್ರಿ. ನಾಳಿ ಮಗನ್ನ ಕೇಳತೀನಿ, ಅದ ಹೆಸರ ಹೇಳತಾನೇನು ನೋಡೂಣು."

ಇದೆಂಥ ಹಟ! ಖಂಡಪ್ಪ ನಿಟ್ಟುಸಿರು ಬಿಟ್ಟು ಮತ್ತೆ ಕೂತ. ಗುರಿಗನ್ನಡಿಗೆ ಬಡಿದ ತಗಡಿನ ಪಟ್ಟಿಯ ಮೇಲೆ ಅಕ್ಷರ ಇಂಗ್ಲಿಷಿನವು, ಮಾತು ಮಾತ್ರ ಫ್ರೆಂಚರದು. ಅವನು ಇದ್ದ ಕಾಲದಲ್ಲಿ ಫ್ರಾನ್ಸಿನಿಂದ ಬಂದ ಫೈಟರ್ ಎರಡೇ. ಒಂದು ತೂಫಾನಿ. ಅದರ ಮೇಲೆ ನಾಲ್ಕು ವರ್ಷ ದುಡಿದಿದ್ದ. ಕಣ್ಣು ಮುಚ್ಚಿ ಗುರಿಗನ್ನಡಿಯ ಮೈಮೇಲೆ ಬೆರಳಾಡಿಸಿದ. ಕಂದೀಲಿನ ಬೆಳಕಿನಲ್ಲಿ ನೂರು ಸಲ ಬಿಚ್ಚಿ ಕೂರಿಸಿದ ಸಾಮಾನು ಬೆರಳಿಗೆ ಮರೆಯುವುದಿಲ್ಲ. ಇದನ್ನು ಬೆರಳು ಗುರುತಿಸಲಿಲ್ಲ. ಸ್ಕ್ರೂ ಇರಬೇಕಾದ ಕಡೆ ಇಲ್ಲ, ಹಿಡಿಕೆಯ ಬಾಗೂ ಬೇರೆ.

"ತೂಫಾನಿದಲ್ಲ. ಅಂದಮ್ಯಾಲ ಇನ್ನೊಂದರದ್ದ. ಮಿಸ್ಟೇರ್ ವಿಮಾನದ್ದು."

"ಏನಂದ್ರಿ?"

"ಮಿಸ್ಟೇರ್."

"ಇನ್ನೊಮ್ಮಿ ಹೇಳ್ರಿ."

"ಮಿಸ್ಟೇರ್, ಕಾಕಾ. ವಿಮಾನದ ಹೆಸರು."

ಬಂಡೆಪ್ಪ ಅಂಗಿಯ ಒಳಕಿಸೆಯಿಂದ ಒಂದು ಕಾಗದ ತೆಗೆದ. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಮರಾಠಿ ಶಾಲೆಯಲ್ಲಿ ಕಲಿತ ಹುಡುಗ ಮರಾಠಿಯಲ್ಲೇ ಬರೆದಿದ್ದ. ಮುದುಕನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಅವನ ಮಣ್ಣಿನ ಬೆರಳು ತೋರಿಸಿದ ಸಾಲನ್ನು ಖಂಡಪ್ಪ ಕನ್ನಡ ಮಾಡಿ ಓದಿದ: "ಅಪ್ಪಾ, ನನ್ನನ್ನು ಈಗ ಮಿಸ್ತೇರ ಕೆಲಸಕ್ಕೆ ಹಾಕಿದ್ದಾರೆ."

ಬಂಡೆಪ್ಪ ಸ್ಟೂಲಿನ ಮೇಲೆ ಕೂತ. ಗುರಿಗನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದುಕೊಂಡ.

"ನಮ್ಮೂರಾಗ ಓದಿದಾಂವ ಮಿಸ್ತ್ರಿ ಕೆಲಸ ಅಂತ ಓದಿದ್ನಲ್ಲರಿ ಸಾಹೇಬ್ರ, ವಿಮಾನದಾಗ ಅದೀನಿ ಅಂತ ಸುಳ್ಳ ಹೇಳಿ ಎಲ್ಲೋ ಗ್ವಾಡಿ ಕಟ್ಟಾಕತ್ಯಾನ ಅಂತ ತಿಳದೆ ನಾನು."